ಕೋಡಿ ಬಿದ್ದ ವರ್ಷ ಅಜ್ಜಿಗೆ ಎಷ್ಟು ವಯಸ್ಸು? ಹಿರಿಯೂರು, ಚಳ್ಳಕೆರೆ, ದುರ್ಗದ (ಚಿತ್ರದುರ್ಗದ) ಕಡೆಯವರು ಹೇಳಿ

ಚಳ್ಳಕೆರೆ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, 2024ರ ದೀಪಾವಳಿ ಕಳೆದ ಮೇಲೆ ತೀರಿಕೊಂಡಳು. ವರ್ಷದ ಕಾರ್ಯಕ್ಕೆ ಅವಳ ಬಗ್ಗೆ ಒಂದು ಸಣ್ಣ ಪುಸ್ತಕ ಮಾಡಿ ಬಂದವರಿಗೆಲ್ಲ ಕೊಡೋಣ ಅಂತ ಮೊಮ್ಮಕ್ಕಳು ಮಾತಾಡಿಕೊಂಡಿದ್ದೇವೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೊದಲ ಸಾಲಿಗೇ ತೊಡಕು. ಅಜ್ಜಿ ಹುಟ್ಟಿದ್ದು ಯಾವಾಗ?

ಆಧಾರ್‌ನಲ್ಲಿ 01-01-1935 ಅಂತಿದೆ. ಅದು ಕಾರ್ಡ್ ಮಾಡಿಸುವ ದಿನ ಅಂದಾಜಿಗೆ ಬರೆಸಿದ್ದು. ದೊಡ್ಡಪ್ಪ "ಅವ್ವ ನೂರು ದಾಟಿದ್ದಳು" ಅಂತ ಹಟ ಹಿಡಿದಿದ್ದಾರೆ. ಶ್ರದ್ಧಾಂಜಲಿ ಬ್ಯಾನರ್‌ನಲ್ಲೂ 102 ವರ್ಷ ಅಂತಲೇ ಹಾಕಿಸಿದರು. ಅಜ್ಜಿಯ ಬಾಯಲ್ಲಿ ಮಾತ್ರ ಇಸವಿ ಬಂದಿದ್ದೇ ಇಲ್ಲ. ಅವಳ ಲೆಕ್ಕವೇ ಬೇರೆ. ಅವಳು ಹೇಳುತ್ತಿದ್ದ ಹಾಗೇ ಬರೆಯುತ್ತೇನೆ:

"ಮಾರಿಕಣಿವೆ ಕೋಡಿ ಬಿದ್ದಾಗ ನಮ್ಮಪ್ಪನ ಹೆಗಲ ಮ್ಯಾಲೆ ಕುಂತು ನೋಡಿದ್ದೆ. ಆಗ ನಂಗೆ ಮುಂದಿನ ಹಲ್ಲು ಬಿದ್ದಿತ್ತು."
"ತುರುವನೂರಾಗೆ ಈಚಲು ಮರ ಕಡಿದ್ರಲ್ಲ, ಅದರ ಮರುವರ್ಷ ನನ್ನ ಧಾರೆ."
"ಕಂಟ್ರೋಲ್ ಬಟ್ಟೆ ಕಾಲದಾಗೆ ನಿಮ್ಮ ದೊಡ್ಡಪ್ಪ ಹುಟ್ಟಿದ."
"ಕೆಂಪು ಜೋಳ ತಿಂದ ವರ್ಷ ನಿಮ್ಮಪ್ಪ ಇಸ್ಕೂಲಿಗೆ ಹೋಗ್ತಿದ್ದ."

ಹುಟ್ಟಿದ್ದು ಹಿರಿಯೂರು ತಾಲ್ಲೂಕು, ಮಾರಿಕಣಿವೆ ಹತ್ತಿರದ ಹಳ್ಳಿ. ಕೊಟ್ಟಿದ್ದು ಚಳ್ಳಕೆರೆ ತಾಲ್ಲೂಕಿಗೆ, ಕುರಿ ಸಾಕಿ ಕಂಬಳಿ ನೇಯುವ ಮನೆಗೆ. ಕೊನೆಯ ಕೆಲವು ವರ್ಷ ದಾವಣಗೆರೆಯಲ್ಲಿ ಚಿಕ್ಕಪ್ಪನ ಹತ್ತಿರ ಇದ್ದಳು. ಹೆಸರು ಪುಸ್ತಕದಲ್ಲಿ ದೊಡ್ಡದಾಗಿ ಬರುತ್ತದೆ. ಇಲ್ಲಿ ಬೇಡ ಅಂತ ಮನೆಯವರು ಹೇಳಿದ್ದಾರೆ. ಈ ಗುರುತುಗಳಿಗೆ ಇಸವಿ ಗೊತ್ತಿರುವವರು ದಯವಿಟ್ಟು ತಿಳಿಸಿ.

ಹಿರಿಯೂರು ಹುಡುಗ:

ಅಕ್ಕಾ, ಮೊದಲನೆಯದು ಸುಲಭ. ಮಾರಿಕಣಿವೆ ಅಂದರೆ ವಾಣಿ ವಿಲಾಸ ಸಾಗರ ಅಣೆಕಟ್ಟು. ಅದನ್ನು ಕಟ್ಟೋಕೆ ಶುರು ಮಾಡಿದ್ದು 1898ರಲ್ಲಿ, ಮುಗಿದಿದ್ದು 1907ರಲ್ಲಿ. ಅಲ್ಲಿಂದ 2025ರ ಜನವರಿವರೆಗೆ ಕೋಡಿ ಬಿದ್ದಿರೋದು ಮೂರೇ ಸಲ. 1933, 2022ರ ಸೆಪ್ಟೆಂಬರ್, ಆಮೇಲೆ 2025ರ ಜನವರಿ. 130 ಅಡಿ ತುಂಬಿದರೆ ಮಾತ್ರ ಕೋಡಿ ಹರಿಯುತ್ತೆ. ನಮ್ಮ ಕಡೆ ಮಳೆ ಗೊತ್ತಲ್ವಾ, ವೇದಾವತಿ ಅಷ್ಟು ಸುಲಭಕ್ಕೆ ತುಂಬಿಸೋದಿಲ್ಲ. ನಮ್ಮ ತಂದೆ ಹುಟ್ಟಿ, ದೊಡ್ಡವರಾಗಿ, ತೀರಿಕೊಂಡರು. ಅಷ್ಟರಲ್ಲಿ ಅವರು ಒಂದು ಸಲವೂ ಕೋಡಿ ನೋಡಲಿಲ್ಲ.

ನಿಮ್ಮ ಅಜ್ಜಿ ಚಿಕ್ಕವರಿದ್ದಾಗ ನೋಡಿದ್ದು ಅಂದರೆ ಅದು 1933 ಬಿಟ್ಟು ಬೇರೆ ಇರೋಕೆ ಸಾಧ್ಯವೇ ಇಲ್ಲ. ಆಧಾರ್‌ನ 1935 ಅಲ್ಲಿಗೆ ಬಿದ್ದುಹೋಯ್ತು. ಮುಂದಿನ ಹಲ್ಲು ಬಿದ್ದಿತ್ತು ಅಂದರೆ ಆರು ವರ್ಷ ಇರಬೇಕು, ಆಚೆ ಈಚೆ. 1927 ಇಲ್ಲ ಅಂದರೆ 1928.

ಚಳ್ಳಕೆರೆ ಮೊಮ್ಮಗಳು:

ತುಂಬಾ ಥ್ಯಾಂಕ್ಸ್ ತಮ್ಮಾ. ಓದಿ ಕೈ ನಡುಗಿತು. 2022ರಲ್ಲಿ ಕೋಡಿ ಬಿದ್ದಾಗ ಅಜ್ಜಿ ಬಿಡಲೇ ಇಲ್ಲ, ಕರ್ಕೊಂಡು ಹೋಗಿ ಅಂತ ಒಂದೇ ಸಮ. ಅಣ್ಣ ಕಾರಿನಲ್ಲಿ ಕರೆದುಕೊಂಡು ಹೋದ. ಮೊದಲು ಕಣಿವೆ ಮಾರಮ್ಮನಿಗೆ ಹಣ್ಣು ಕಾಯಿ ಮಾಡಿಸಿದಳು. ಆಮೇಲೆ ಕೋಡಿ ಕಡೆ. ಅಲ್ಲಿ ಜಾತ್ರೆಯಷ್ಟು ಜನ. ಹುಡುಗರೆಲ್ಲ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅಣ್ಣ ಒಬ್ಬ ಹುಡುಗನಿಗೆ, "ನಮ್ಮಜ್ಜಿ ಹಿಂದಿನ ಸಲದ್ದೂ ನೋಡಿದಾಳೆ" ಅಂದನಂತೆ. ಸುತ್ತ ಇದ್ದವರೆಲ್ಲ ಬಂದು ಅಜ್ಜಿಯ ಕಾಲಿಗೆ ಬಿದ್ದರು. "ನೀರಿಗೆ ಬೀಳ್ರಪ್ಪ, ನನಗ್ಯಾಕೆ" ಅಂದಳಂತೆ.

ಎರಡೂ ಕೋಡಿ ನೋಡಿದವರು ಇಡೀ ಜಿಲ್ಲೆಯಲ್ಲಿ ಎಷ್ಟು ಜನ ಉಳಿದಿದ್ದರೋ. ಮೂರನೆಯದನ್ನು ನೋಡುವಷ್ಟು ದಿನ ಇರಲಿಲ್ಲ ಅನ್ನೋದೇ ನನ್ನ ಸಂಕಟ.

ನಿವೃತ್ತ ಮೇಷ್ಟ್ರು, ದುರ್ಗ:

ಮಗಳೇ, ಎರಡನೇ ಗುರುತು ನಾನು ಹೇಳುತ್ತೇನೆ. ತುರುವನೂರಿನ ಅರಣ್ಯ ಸತ್ಯಾಗ್ರಹ ನಡೆದದ್ದು 1939ರಲ್ಲಿ. ಈಚಲು ಮರದಿಂದ ಹೆಂಡ, ಹೆಂಡದಿಂದ ಸರ್ಕಾರಕ್ಕೆ ಕಂದಾಯ. ಮರ ಕಡಿದರೆ ಕಾಯ್ದೆ ಮುರಿದ ಹಾಗೂ ಆಯಿತು, ಹೆಂಡ ನಿಲ್ಲಿಸಿದ ಹಾಗೂ ಆಯಿತು ಅಂತ ಜನ ಕೊಡಲಿ ಹಿಡಿದು ಹೊರಟರು. ಪೊಲೀಸರು ಹಿಡಿದು ಜೈಲಿಗೆ ಹಾಕಿದರು. ಇವತ್ತಿಗೂ ತುರುವನೂರನ್ನು ಅದೇ ಹೋರಾಟದಿಂದ ಗುರುತಿಸುತ್ತಾರೆ. ಅದರ ಮರುವರ್ಷ ಧಾರೆ ಅಂದರೆ 1940. ಅಜ್ಜಿಗೆ ಹನ್ನೆರಡು ಹದಿಮೂರು.

ಇಷ್ಟು ಚಿಕ್ಕ ವಯಸ್ಸಿಗೆ ಮದುವೆ ಅಂದರೆ ಈಗಿನವರಿಗೆ ಗಾಬರಿ. ಆದರೆ ಆಗಿನ ಮೈಸೂರು ಸಂಸ್ಥಾನದಲ್ಲಿ 1894ರ ಕಾಯ್ದೆ ತಡೆದಿದ್ದು ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು, ಮತ್ತೆ ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನು ಮಾತ್ರ. ಹದಿನಾಲ್ಕು ವರ್ಷ ಅಂತ ಹೇಳಿದ 1929ರ ಶಾರದಾ ಕಾಯ್ದೆ ಬ್ರಿಟಿಷರ ಸೀಮೆಗೆ ಸೇರಿದ್ದು. ಅಜ್ಜಿಯ ಮದುವೆಯನ್ನು ಮುಚ್ಚಿಡಬೇಡಿ, ವಯಸ್ಸಿನ ಸಮೇತ ಬರೆಯಿರಿ.

ಕಂಟ್ರೋಲ್ ಕಾಲ ಅಂದರೆ ಎರಡನೇ ಮಹಾಯುದ್ಧದ ಕಾಲ. ಅಕ್ಕಿ, ಸಕ್ಕರೆ, ಸೀಮೆಎಣ್ಣೆ, ಬಟ್ಟೆ ಎಲ್ಲ ಅಳತೆಯ ಮೇಲೆ ಕೊಡುತ್ತಿದ್ದರು. ರೈತನ ಕಣಕ್ಕೇ ಬಂದು ಲೆವಿ ಅಂತ ಧಾನ್ಯ ಎತ್ತಿಕೊಂಡು ಹೋಗುತ್ತಿದ್ದರು. 1943ರಿಂದ ಮುಂದೆ ಅಂತ ಇಟ್ಟುಕೊಳ್ಳಿ. ದೊಡ್ಡಪ್ಪನ ಶಾಲೆಯ ದಾಖಲೆಯಲ್ಲಿ ಏನಿದೆ ನೋಡಿ.

ಕೆಂಪು ಜೋಳ ಗೊತ್ತೇ ಇದೆ. 1965 ಮತ್ತು 1966, ಎರಡು ವರ್ಷ ಸಾಲಾಗಿ ಮಳೆ ಕೈಕೊಟ್ಟಿತು. ಅಮೆರಿಕದಿಂದ ಪಿಎಲ್ 480 ಯೋಜನೆಯಲ್ಲಿ ಗೋಧಿ ಬಂತು, ಮೈಲೋ ಅನ್ನುವ ಕೆಂಪು ಜೋಳ ಬಂತು. ನಾನೂ ತಿಂದಿದ್ದೇನೆ. ರೊಟ್ಟಿ ತಟ್ಟಿದರೆ ಹರಿದುಹೋಗುತ್ತಿತ್ತು. ನಮ್ಮವ್ವ ಅತ್ತುಬಿಡುತ್ತಿದ್ದಳು.

ಚಳ್ಳಕೆರೆ ಮೊಮ್ಮಗಳು:

ಸಾರ್, ದೊಡ್ಡಪ್ಪನ ಶಾಲೆ ದಾಖಲೆ 1945 ಅಂತಿದೆ. ಎಲ್ಲ ಕೂಡಿ ಬಂತು. 1927-28ರಲ್ಲಿ ಹುಟ್ಟು, 1940ರಲ್ಲಿ ಧಾರೆ, 1945ರಲ್ಲಿ ಮೊದಲ ಮಗು, 2024ರಲ್ಲಿ ಕೊನೆ. ಸುಮಾರು 96 ವರ್ಷ. ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದೆ. "ನೂರು ಅಂದರೆ ತೂಕ ಇರುತ್ತೆ ಕಣಮ್ಮ" ಅಂದರು. ನನಗೆ ಮಾತ್ರ ಅವಳು ನಿಜವಾಗಿ ಬಾಳಿದ 96 ಸಾಕು.

ಮೊಳಕಾಲ್ಮೂರು ಸೊಸೆ:

ಇಸವಿ ಎಲ್ಲ ಸರಿಯಾಯ್ತು, ಸಂತೋಷ. ಒಂದು ಮಾತು ಕೇಳಲಾ? ಹುಟ್ಟು, ಧಾರೆ, ಮಗು, ಮಗು, ಸಾವು. ಇದರಲ್ಲಿ ಅಜ್ಜಿ ಮಾಡಿದ್ದು ಏನು? ನಮ್ಮ ಕಡೆ ಹೆಂಗಸರ ಸ್ಮರಣೆ ಅಂದರೆ ಇಷ್ಟೇ ಬರೆಯುತ್ತಾರೆ. ಇಂಥವರ ಹೆಂಡತಿ, ಇಷ್ಟು ಮಕ್ಕಳ ತಾಯಿ, ದೈವಭಕ್ತೆ, ಎಲ್ಲರಿಗೂ ಅನ್ನ ಹಾಕಿದ ಕೈ. ಯಾರ ಹೆಸರು ಹಾಕಿದರೂ ನಡೆಯುತ್ತೆ. ನಮ್ಮ ಅತ್ತೆಯವರು ಐವತ್ತು ವರ್ಷ ರೇಷ್ಮೆ ನೂಲು ಹುರಿ ಮಾಡಿದರು. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಜಿಐ (ಊರಿನ ಹೆಸರಿನ ಭೌಗೋಳಿಕ ಗುರುತು) ಸಿಕ್ಕಿತು, ಪೇಪರ್‌ನಲ್ಲೆಲ್ಲ ಬಂತು. ಮಗ್ಗದ ಮುಂದೆ ಕೂತ ಗಂಡಸಿನ ಫೋಟೋ. ನೂಲು ಎಲ್ಲಿಂದ ಬಂತು ಅಂತ ಕೇಳಿದವರಿಲ್ಲ. ನಿಮ್ಮ ಅಜ್ಜಿ ಕಂಬಳಿ ಮನೆಯವರು ಅಂದಿರಿ. ಅವರ ಕೈಕೆಲಸ ಏನಿತ್ತು? ಅದನ್ನು ಬರೀರಿ.

ಚಳ್ಳಕೆರೆ ಮೊಮ್ಮಗಳು:

ಅಕ್ಕಾ, ಇದೇ ನನ್ನ ಮನಸ್ಸಿನಲ್ಲೂ ಇದ್ದದ್ದು. ಬರೆಯುತ್ತೇನೆ, ಉದ್ದ ಆಗುತ್ತೆ.

ಅಜ್ಜಿ ಉಣ್ಣೆ ನೂಲುತ್ತಿದ್ದಳು. ಧಾರೆಯಾಗಿ ಬಂದ ಮೇಲೆ ಅವಳ ಅತ್ತೆ ಕಲಿಸಿದ್ದು. ಆಮೇಲೆ ಕಣ್ಣು ಮಂಜಾಗುವ ತನಕ ಬಿಡಲಿಲ್ಲ. ವರ್ಷಕ್ಕೆ ಎರಡು ಸಲ ಕುರಿ ಕತ್ತರಿಸುತ್ತಿದ್ದರು. ಉಣ್ಣೆ ಮನೆಗೆ ಬಂದಾಗ ಮುಳ್ಳು, ಹಿಕ್ಕೆ, ಮಣ್ಣು ಎಲ್ಲ ಸೇರಿಕೊಂಡೇ ಬರುತ್ತದೆ. ಅದನ್ನು ಆರಿಸಿ, ಕರಿದು ಬೇರೆ, ಕಂದು ಬೇರೆ, ಬಿಳಿದು ಬೇರೆ ಮಾಡಬೇಕು. ಎಳೆ ಬಿಡಿಸಿ ಹಿಂಜಬೇಕು. ಆಮೇಲೆ ರಾಟೆ. ಉದ್ದಕ್ಕೆ ಹೋಗುವ ಹಾಸಿನ ನೂಲು ಬಿಗಿಯಾಗಿರಬೇಕು, ಅಡ್ಡಕ್ಕೆ ಹೋಗುವ ಹೊಕ್ಕಿನ ನೂಲು ಸ್ವಲ್ಪ ಸಡಿಲ ಇದ್ದರೂ ನಡೆಯುತ್ತೆ. ಅಜ್ಜಿ ಕತ್ತಲಲ್ಲೂ ಬೆರಳಲ್ಲೇ ವ್ಯತ್ಯಾಸ ಹೇಳುತ್ತಿದ್ದಳು.

ನೂಲು ಆದ ಮೇಲೆ ಹುಣಸೆ ಬೀಜದ ಗಂಜಿ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕುದಿಸಿ ಅಂಟಿನ ಹಾಗೆ ಮಾಡುವುದು. ಹಾಸನ್ನು ಬೀದಿಯ ಉದ್ದಕ್ಕೂ ಎಳೆದು ಕಟ್ಟಿ ಅದಕ್ಕೆ ಗಂಜಿ ಹಚ್ಚಿ ಒಣಗಿಸುತ್ತಿದ್ದರು. ಆ ವಾಸನೆ ನನಗೆ ಇವತ್ತಿಗೂ ಮೂಗಿನಲ್ಲಿದೆ. ಇಷ್ಟೆಲ್ಲ ಆದ ಮೇಲೆ ಅಜ್ಜ ಗುಣಿ ಮಗ್ಗದಲ್ಲಿ ಕೂತು ನೇಯುತ್ತಿದ್ದ. ಹಾಗಂತ ಅಜ್ಜನ ಕೆಲಸ ಕಡಿಮೆ ಅಂತ ಹೇಳುತ್ತಿಲ್ಲ. ಒಂದು ಕಂಬಳಿಯ ಹಿಂದೆ ಮಗ್ಗಕ್ಕೆ ಹೋಗುವ ಮೊದಲೇ ಎಷ್ಟೋ ದಿನದ ಕೆಲಸ ಇರುತ್ತೆ, ಅದು ಪೂರ್ತಿ ಹೆಂಗಸರದ್ದು.

ಚಳ್ಳಕೆರೆ ಸಂತೆಯಲ್ಲಿ ಮಾರುವುದು ಅಜ್ಜ, ದರ ಹೇಳುವುದು ಅಜ್ಜಿ. ಇಷ್ಟಕ್ಕೆ ಕಡಿಮೆ ಆದರೆ ವಾಪಸ್ ತಗೊಂಡು ಬಾ ಅಂತ ಹೊರಡುವಾಗಲೇ ಹೇಳಿ ಕಳಿಸುತ್ತಿದ್ದಳು. ಬೇರೆ ಹೆಂಗಸರ ಕೈಲೂ ನೂಲಿಸುತ್ತಿದ್ದಳು. ದುಡ್ಡು ಬಂದ ದಿನವೇ ಕೂಲಿ ಹಂಚಬೇಕು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಹೇಳಿದ "ಮಾಡಿದಷ್ಟು ನೀಡು ಭಿಕ್ಷೆ" ಅವಳ ನಾಲಿಗೆ ಮೇಲೇ ಇರುತ್ತಿತ್ತು. ಆ ಮಾತನ್ನು ಅವಳು ಕೂಲಿಗೆ ಹಚ್ಚಿದ್ದಳು. ಮಾಡಿದಷ್ಟು ಕೊಡು, ನಾಳೆ ಅನ್ನಬೇಡ.

ಅಪ್ಪ, ಚಿಕ್ಕಪ್ಪ, ಅಜ್ಜಿಯ ಮಗಳಾದ ನಮ್ಮ ಅತ್ತೆ ಮೂವರೂ ದುರ್ಗದಲ್ಲಿ ಓದಿದ್ದು ಈ ನೂಲಿನ ದುಡ್ಡಿನಲ್ಲಿ. ಮನೆಯಲ್ಲಿ "ಅಜ್ಜ ಕಂಬಳಿ ನೇಯ್ದು ಮಕ್ಕಳನ್ನು ಓದಿಸಿದ" ಅಂತ ಹೇಳುವುದೇ ರೂಢಿ. ಪುಸ್ತಕದಲ್ಲಿ ಇದು ಬದಲಾಗಬೇಕು.

ಭಟ್ಟಿ ಏರಿಯಾ, ದಾವಣಗೆರೆ:

ಮೇಡಂ, ನಿಮ್ಮ ಪೋಸ್ಟ್ ಓದಿ ನಮ್ಮ ನಾನಿ ನೆನಪಾದರು. ನಮ್ಮದು ಮಂಡಕ್ಕಿ ಭಟ್ಟಿ ಮನೆ. ದಾವಣಗೆರೆ ಅಂದರೆ ಎಲ್ಲರೂ ಬೆಣ್ಣೆ ದೋಸೆ ಅಂತಾರೆ. ಆದರೆ ಸಂಜೆ ಆದರೆ ಊರೆಲ್ಲ ತಿನ್ನೋದು ಖಾರ ಮಂಡಕ್ಕಿ, ಮೆಣಸಿನಕಾಯಿ ಅಲ್ವಾ. ಆ ಮಂಡಕ್ಕಿ ಹಿಂದೆ ಇರೋದು ಭಟ್ಟಿ ಹೆಂಗಸರು. ಭತ್ತ ನೆನೆಸೋದು, ಬೇಯಿಸೋದು, ಅಂಗಳದಲ್ಲಿ ಹರಡಿ ಕಾಲಲ್ಲಿ ಕೆದರುತ್ತಾ ಒಣಗಿಸೋದು. ಮಿಲ್ಲಿನಿಂದ ಅಕ್ಕಿ ಬಂದ ಮೇಲೆ ಉಪ್ಪುನೀರು ಹಾಕಿ ಹುರಿಯೋದು, ಆಮೇಲೆ ಕಾದ ಮರಳಿನಲ್ಲಿ ಅರಳಿಸೋದು. ಒಂದು ಕ್ಷಣ ಜಾಸ್ತಿ ಆದರೆ ಕಪ್ಪು, ಕಡಿಮೆ ಆದರೆ ಗಟ್ಟಿ. ನಾನಿ ಬೆಳಗಿನ ನಮಾಜಿಗೂ ಮೊದಲೇ ಒಲೆ ಹೊತ್ತಿಸುತ್ತಿದ್ದರು. ಹೊಗೆಗೆ ಕಣ್ಣು ಯಾವಾಗಲೂ ಕೆಂಪು. 80 ದಾಟಿ ಬದುಕಿದರು. ಅವರದ್ದೂ ಹುಟ್ಟಿದ ದಿನ ಗೊತ್ತಿಲ್ಲ. ಇವತ್ತು ಅಮ್ಮಿ ಹತ್ತಿರ ಕೂತು ಕೇಳಿ ಬರೆದುಕೊಳ್ಳುತ್ತೇನೆ.

ಮಿಲ್ ಕ್ವಾರ್ಟರ್ಸ್:

ನಮ್ಮ ಅಜ್ಜ ದಾವಣಗೆರೆ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆಗ ಮನೆ ನಡೆಸಿದ್ದು ಅಜ್ಜಿ, ಖಾನಾವಳಿಗಳಿಗೆ ಜೋಳದ ರೊಟ್ಟಿ ತಟ್ಟಿ ಕೊಟ್ಟು. ಅವರು ಯಾವಾಗಲೂ ಹೆಮ್ಮೆಯಿಂದ ಹೇಳುತ್ತಿದ್ದುದು 1952ರ ಮೊದಲ ಚುನಾವಣೆ. "ಹೆಣ್ಣುಮಗಳಿಗೆ ಓಟ್ ಹಾಕಿ ಗೆಲ್ಲಿಸಿದ್ವಿ" ಅಂತ. ದಾವಣಗೆರೆಯಿಂದ ಗೆದ್ದವರು ಬಳ್ಳಾರಿ ಸಿದ್ದಮ್ಮ. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು.

ನಿವೃತ್ತ ಮೇಷ್ಟ್ರು, ದುರ್ಗ:

ಅದೇ ಚುನಾವಣೆಯ ಇನ್ನೊಂದು ಸಂಗತಿ ಹೇಳಬೇಕು. ಮತದಾರರ ಪಟ್ಟಿ ಮಾಡುವಾಗ ಉತ್ತರದ ಕಡೆ ಬಹಳ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ಮಗಳು ಅಂತಷ್ಟೇ ಬರೆಸಿದರು. ಸ್ವಂತ ಹೆಸರಿಲ್ಲದೆ ಪಟ್ಟಿಯಲ್ಲಿ ಇಡುವುದಿಲ್ಲ ಅಂತ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಗಟ್ಟಿಯಾಗಿ ನಿಂತರು. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗೆ ಹೋದರು. ಮೇಲೆ ಮೊಳಕಾಲ್ಮೂರಿನ ತಾಯಿ ಹೇಳಿದ್ದಕ್ಕೂ ಇದಕ್ಕೂ ಸಂಬಂಧ ಇದೆ ಅನ್ನಿಸಿತು.

ಮೊಳಕಾಲ್ಮೂರು ಸೊಸೆ:

ಸಂಬಂಧ ಇದ್ದೇ ಇದೆ ಸಾರ್. ನಿಮ್ಮ ಮನೆಗೆ ವಂಶ ಹೇಳುವ ಹೆಳವರು ಬರುತ್ತಾರಾ, ಚಳ್ಳಕೆರೆಯವರೇ?

ಚಳ್ಳಕೆರೆ ಮೊಮ್ಮಗಳು:

ಬರುತ್ತಾರೆ ಅಕ್ಕಾ. ಮೊದಲು ಎತ್ತಿನ ಮೇಲೆ ಗಂಟೆ ಬಾರಿಸಿಕೊಂಡು ಬರುತ್ತಿದ್ದರಂತೆ. ಬಾಗಿಲಲ್ಲಿ ನಿಂತು ನಮ್ಮ ವಂಶ ಎಲ್ಲ ಹೇಳುತ್ತಾರೆ. ಮೂಲ ಊರು ಯಾವುದು, ಯಾರು ಯಾಕೆ ಬಿಟ್ಟು ಬಂದರು, ಯಾರಿಗೆ ಯಾರು ಮಗ, ಎಲ್ಲ ಹೊತ್ತಿಗೆಯಲ್ಲಿ ಇರುತ್ತೆ. ಕಾಳು, ಕಂಬಳಿ, ದುಡ್ಡು ಕೊಟ್ಟು ಕಳಿಸುತ್ತೇವೆ. ಕೇಳುತ್ತಾ ಕೂತರೆ ಮೈ ಜುಂ ಅನ್ನುತ್ತೆ. ಆದರೆ ನಮ್ಮ ಮನೆಯ ಪಟ್ಟಿ ಪೂರ್ತಿ ಗಂಡಸರದ್ದೇ. ಇಂಥವನ ಮಗ ಇಂಥವನು, ಅವನ ಮಕ್ಕಳು ಮೂರು. ಅತ್ತೆಯ ಹೆಸರೂ ಇಲ್ಲ. 96 ವರ್ಷ ಬಾಳಿದ ಅಜ್ಜಿಯ ಹೆಸರೂ ಇಲ್ಲ.

ಮೊಳಕಾಲ್ಮೂರು ಸೊಸೆ:

ನಮ್ಮಲ್ಲೂ ಹೀಗೇ ಇತ್ತು. ನಮ್ಮ ಅತ್ತೆಯವರು ಒಂದು ವರ್ಷ ಹೆಳವರನ್ನು ಕೂರಿಸಿಕೊಂಡು, "ನನ್ನ ಮೂರು ಹೆಣ್ಣುಮಕ್ಕಳ ಹೆಸರು ಬರೀ, ಆಮೇಲೆ ಕಾಳು" ಅಂದರು. ಹಿರಿಯ ಹೆಳವಯ್ಯ, ಬೇಕಾದರೆ ಬರೆಯುತ್ತೇನೆ ತಾಯಿ, ಕೇಳಿದವರೇ ಇರಲಿಲ್ಲ ಅಂದ. ಬರೆದ. ಮುಂದಿನ ಸಲ ಬಂದಾಗ ಬೀದಿಗೆಲ್ಲ ಕೇಳುವ ಹಾಗೆ ಓದಿದ. ನೀವು ಪುಸ್ತಕ ಮಾಡಿ, ಬೇಡ ಅನ್ನಲ್ಲ. ಹೆಳವರ ಹೊತ್ತಿಗೆಗೂ ಸೇರಿಸಿ.

ಚಳ್ಳಕೆರೆ ಮೊಮ್ಮಗಳು:

ಇದು ನನಗೆ ಹೊಳೆದೇ ಇರಲಿಲ್ಲ. ಖಂಡಿತ ಮಾಡಿಸುತ್ತೇನೆ.

ಇನ್ನೊಂದು ವಿಷಯಕ್ಕೆ ನಿಮ್ಮೆಲ್ಲರ ಅಭಿಪ್ರಾಯ ಬೇಕು. ಅಜ್ಜಿಯ ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಂಡರು. ಅಜ್ಜಿ ಎರಡು ಎಕರೆ ಕೇಳಿದಳು. ಕೊಟ್ಟ ಹೆಣ್ಣು ಹೊಲ ಕೇಳುತ್ತಾಳಾ ಅಂತ ಮಾತು ಬೆಳೆಯಿತು. ಅಜ್ಜಿ ತವರಿನ ಹೊಸ್ತಿಲು ತುಳಿಯಲಿಲ್ಲ, ಬಹಳ ವರ್ಷ. ಅವಳ ಅಣ್ಣ ಸತ್ತಾಗ ಮಣ್ಣಿಗೆ ಹೋಗಿ ಬಂದಳು, ಅಷ್ಟೇ. 80ರ ದಶಕದಲ್ಲಿ ನಮ್ಮ ಮನೆ ಪಾಲಾಯಿತು. ಆಗ ಗಂಡುಮಕ್ಕಳನ್ನೆಲ್ಲ ಕೂರಿಸಿ, ಅತ್ತೆಗೂ ಒಂದು ಪಾಲು ಬರೆಸಿದಳು. ದೊಡ್ಡಪ್ಪ ಮೊದಲು ಒಪ್ಪಲಿಲ್ಲ. "ನನ್ನ ಮಗಳು ನನ್ನಂಗೆ ತವರಿಗೆ ಬೆನ್ನು ಹಾಕೋದು ಬ್ಯಾಡ" ಅಂದಳು. ಅವಳು ಅಡುಗೆ ಮನೆಗೆ ಹೋಗಲಿಲ್ಲ, ಊಟಕ್ಕೂ ಏಳಲಿಲ್ಲ. ಸಹಿ ಆದ ಮೇಲೇ ಎದ್ದಿದ್ದು.

ಇದನ್ನು ಬರೆಯಬೇಕಾ? ಅಜ್ಜಿಯ ತವರಿನವರೂ ಕಾರ್ಯಕ್ಕೆ ಬರುತ್ತಾರೆ.

ಮಿಲ್ ಕ್ವಾರ್ಟರ್ಸ್:

ಬೇಡ ಅನ್ನಿಸುತ್ತೆ ನನಗೆ. ಕಾರ್ಯದ ಮನೆ ಅದು. ನೆಂಟರು ಊಟಕ್ಕೆ ಕೂತಿರುತ್ತಾರೆ, ಕೈಯಲ್ಲಿ ಪುಸ್ತಕ ಇರುತ್ತೆ. ಅವರ ಅಪ್ಪನ ಬಗ್ಗೆ ಅವರೇ ಓದಬೇಕಾ? ಸತ್ತವರು ಇಬ್ಬರೂ ಉತ್ತರ ಕೊಡೋಕೆ ಬರಲ್ಲ. ಮಗಳಿಗೆ ಪಾಲು ಕೊಡಿಸಿದ್ದು ಬರೀರಿ, ಅದು ದೊಡ್ಡ ವಿಷಯ. ಹಳೇ ಜಗಳ ಬಿಡಿ.

ಭಟ್ಟಿ ಏರಿಯಾ, ದಾವಣಗೆರೆ:

ಜಗಳ ಬಿಟ್ಟರೆ ಪಾಲು ಯಾಕೆ ಕೊಡಿಸಿದರು ಅನ್ನೋದು ಹೇಗೆ ಗೊತ್ತಾಗುತ್ತೆ ಅಣ್ಣಾ?

ನಿವೃತ್ತ ಮೇಷ್ಟ್ರು, ದುರ್ಗ:

ಕಾನೂನಿನ ಕಡೆಯಿಂದ ಎರಡು ಮಾತು. ಮೈಸೂರು ಸಂಸ್ಥಾನದಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಬಂದಿದ್ದು 1933ರಲ್ಲಿ, ಅಜ್ಜಿ ಕೋಡಿ ನೋಡಿದ ವರ್ಷವೇ. ಮನೆ ಪಾಲಾಗುವಾಗ ವಿಧವೆ, ತಾಯಿ, ಮದುವೆಯಾಗದ ಹೆಣ್ಣುಮಕ್ಕಳಿಗೆ ಸ್ವಲ್ಪ ಭಾಗ ಕೊಟ್ಟಿತು. ಆ ಕಾಲಕ್ಕೆ ದೊಡ್ಡ ಹೆಜ್ಜೆ. ಆದರೆ ಹದಿಮೂರಕ್ಕೇ ಮದುವೆ ಮಾಡಿ ಕಳಿಸಿದ ಮೇಲೆ ಮದುವೆಯಾಗದ ಮಗಳ ಪಾಲು ಎಲ್ಲಿ ಉಳಿಯುತ್ತದೆ? ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಅಂತ ಕರ್ನಾಟಕ ತಿದ್ದುಪಡಿ ತಂದದ್ದು 1994ರಲ್ಲಿ. ಅದಕ್ಕೂ ಮೊದಲೇ ಮದುವೆಯಾದವರನ್ನು ಅದೂ ಹೊರಗಿಟ್ಟಿತು. ಆ ಅಡ್ಡಿ ಹೋಗಿದ್ದು 2005ರ ಕೇಂದ್ರದ ತಿದ್ದುಪಡಿಯಿಂದ. ನಿಮ್ಮ ಅಜ್ಜಿ ಕಾನೂನಿಗಿಂತ ಹತ್ತಾರು ವರ್ಷ ಮುಂದೆ ಇದ್ದರು. ಓದು ಬರಹ ಇಲ್ಲದೆ, ತನಗಾದ ನೋವಿನಿಂದಲೇ ಅದನ್ನು ಕಂಡುಕೊಂಡರು. ನೋವನ್ನು ತೆಗೆದರೆ ಅವರ ದೊಡ್ಡತನವೂ ಅರ್ಧ ಹೋಗುತ್ತದೆ.

ತವರಿನವರ ಹೆಸರು ಹಾಕಬೇಡಿ. ಬೈಗುಳ ಹಾಕಬೇಡಿ. ನಡೆದದ್ದನ್ನು ಎರಡು ಸಾಲಿನಲ್ಲಿ ಬರೆಯಿರಿ. ಅಚ್ಚಿಗೆ ಕೊಡುವ ಮೊದಲು ಅವರ ಮನೆಗೆ ಹೋಗಿ ಓದಿ ಹೇಳಿ.

ಮಿಲ್ ಕ್ವಾರ್ಟರ್ಸ್:

ಮೊದಲೇ ಹೋಗಿ ಓದಿ ಹೇಳುವುದಾದರೆ ಆಗಬಹುದು. ಆದರೂ ನನ್ನ ಮನಸ್ಸು ಪೂರ್ತಿ ಒಪ್ಪಿಲ್ಲ ಮೇಷ್ಟ್ರೇ. ನಮ್ಮ ಮನೆಯಲ್ಲಿ ಇಂಥದ್ದೇ ಒಂದು ಮಾತಿಗೆ ಎರಡು ಕುಟುಂಬ ದೂರ ಆಗಿವೆ.

ಹಿರಿಯೂರು ಹುಡುಗ:

ಅಕ್ಕಾ, ಅಜ್ಜಿಯ ತವರು ಯಾವ ಊರು ಅಂತ ಖಾಸಗಿಯಾಗಿ ತಿಳಿಸಿ. ನಮ್ಮ ಕಡೆಯದೇ ಆದರೆ ನಾನು ಜೊತೆಗೆ ಬರುತ್ತೇನೆ. ಗೊತ್ತಿರುವವರು ಒಬ್ಬರು ಜೊತೆಗಿದ್ದರೆ ಮಾತು ಹಗುರ ಆಗುತ್ತೆ.

ಚಳ್ಳಕೆರೆ ಮೊಮ್ಮಗಳು:

ಅತ್ತೆಗೆ ಫೋನ್ ಮಾಡಿ ಕೇಳಿದೆ. ಅವರು ಹೇಳಿದ್ದು: "ಬರಿ. ಅದನ್ನ ಬಿಟ್ರೆ ನಮ್ಮವ್ವನ ಕಥೆ ಏನೈತೆ?" ಹಾಗಾಗಿ ಬರೆಯುತ್ತೇನೆ. ಮೇಷ್ಟ್ರು ಹೇಳಿದ ಹಾಗೆ ಮೊದಲು ಅಜ್ಜಿಯ ತವರಿಗೆ ಹೋಗಿ ಓದಿ ಬರುತ್ತೇವೆ, ಅಪ್ಪ, ಅತ್ತೆ, ನಾನು. ಹಿರಿಯೂರು ತಮ್ಮಾ, ನೀನೂ ಬಾ. ಊರಿನ ಹೆಸರು ಕಳಿಸಿದ್ದೇನೆ.

ಪುಸ್ತಕದ ಮೊದಲ ಪುಟಕ್ಕೆ ಈಗ ಇಷ್ಟು ನಿಂತಿದೆ: ಅಜ್ಜಿಯ ಹೆಸರು, ಅವಳ ತಾಯಿಯ ಹೆಸರು, "1927-28ರಲ್ಲಿ ಹುಟ್ಟಿದಳು, ಉಣ್ಣೆ ನೂಲುತ್ತಿದ್ದಳು". ಅವಳ ತಾಯಿಯ ತಾಯಿಯ ಹೆಸರು ಮನೆಯಲ್ಲಿ ಯಾರಿಗೂ ನೆನಪಿಲ್ಲ. ತವರಿನ ಮನೆಯಲ್ಲಿ ಕೇಳಬೇಕು.

ಅಜ್ಜಿಯ ಕೈಕೆಳಗೆ ನೂಲಿದ ಹೆಂಗಸರು ಚಳ್ಳಕೆರೆ, ನಾಯಕನಹಟ್ಟಿ ಕಡೆ ಇನ್ನೂ ಕೆಲವರು ಇರಬೇಕು. ನಿಮ್ಮ ಮನೆಯ ಅಜ್ಜಿಯರು ಯಾರಾದರೂ ಹಾಗೆ ನೂಲಿದ್ದರೆ ದಯವಿಟ್ಟು ತಿಳಿಸಿ, ನಾನೇ ಬಂದು ಕೂತು ಕೇಳಿ ಬರೆದುಕೊಳ್ಳುತ್ತೇನೆ. ಅವರ ಹೆಸರುಗಳಿಗೂ ಒಂದು ಪುಟ ಇಟ್ಟಿದ್ದೇನೆ. ಹೆಳವರು ಸುಗ್ಗಿ ಮುಗಿದ ಮೇಲೆ ಬರುತ್ತಾರೆ. ಅಷ್ಟರೊಳಗೆ ಪಟ್ಟಿ ಕೈಯಲ್ಲಿರಬೇಕು.